ಮನೆ, ತೋಟ, ಲೆಕ್ಕ: ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಕಾಫಿಗೆ ಒಳ್ಳೆ ರೇಟು ಸಿಕ್ಕಿ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಇಲ್ಲವೇ ಮಕ್ಕಳು ಬೆಂಗಳೂರು ಸೇರಿ ಮನೆ ಖಾಲಿಯಾಗಿದೆ. ಇದರಿಂದ ಏನಾದರೂ ವರಮಾನ ಹುಟ್ಟಿಸಬಹುದಾ ಅಂತ. ನಾನು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ನಿವೃತ್ತಿಯಾದವಳು. ಈಗ ಕೊಡಗಿನ ಮೂರ್ನಾಡು ಹತ್ತಿರದ ನಮ್ಮ ಮನೆಯಲ್ಲಿ ಎರಡು ಕೋಣೆ ಅತಿಥಿಗಳಿಗೆ ಬಿಟ್ಟಿದ್ದೇವೆ. ಸಾಲ ಕೊಡುವವರು ಏನು ನೋಡುತ್ತಾರೆ ಅಂತಲೂ ಗೊತ್ತು, ಮಳೆಗಾಲದಲ್ಲಿ ಬೆಡ್‌ಶೀಟ್ ಒಣಗಿಸುವ ಕಷ್ಟವೂ ಗೊತ್ತು. ಪತ್ರ ಬರೆದವರ ಹೆಸರು ಯಾವತ್ತಿನಂತೆ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಅಕ್ಕ, ಕಕ್ಕಬ್ಬೆ ಹತ್ತಿರ ನಮ್ಮದು ಐದು ಎಕರೆ ತೋಟ, ಹಳೆಯ ಹಂಚಿನ ಮನೆ. ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ. ಮಹಡಿಯ ಎರಡು ಕೋಣೆ ಖಾಲಿ ಬಿದ್ದಿವೆ. ಹೋಂಸ್ಟೇ ಮಾಡೋಣ ಅಂತ ನನಗೆ ಆಸೆ. ಮಗ ಹೇಳುವುದು, “ಹಳೇ ಮನೆಗೆ ಯಾರು ಬರ್ತಾರಮ್ಮ, ತೋಟದ ಮೇಲೆ 25 ಲಕ್ಷ ಸಾಲ ತೆಗೆದು ಎರಡು ಕಾಟೇಜ್ ಕಟ್ಟೋಣ” ಅಂತ. ನಮ್ಮ ಯಜಮಾನರಿಗೆ ಹೊರಗಿನವರು ಮನೆಯೊಳಗೆ ಬರುವುದೇ ಇಷ್ಟವಿಲ್ಲ. ನಾನು ಏನು ಮಾಡಲಿ? — ಕಕ್ಕಬ್ಬೆ

ಉತ್ತರ: ತಂಗಿ, ಮೊದಲು ಯಜಮಾನರ ವಿಷಯ. ಅವರಿಗೆ ನಿಜಕ್ಕೂ ಇಷ್ಟವಿಲ್ಲದಿದ್ದರೆ ಇದು ಬೇಡ. ಅತಿಥಿಗಳು ಬೆಳಿಗ್ಗೆ ಆರಕ್ಕೆ ಕಾಫಿ ಕೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಿಸಿನೀರು ಬರ್ತಿಲ್ಲ ಅಂತ ಬಾಗಿಲು ತಟ್ಟುತ್ತಾರೆ. ಜಗಲಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತವರನ್ನು ನೋಡಿದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಆದರೆ ಒಂದು ಉಪಾಯ ಇದೆ. ತೋಟ ಸುತ್ತಿಸುವ ಕೆಲಸ ಅವರಿಗೆ ವಹಿಸಿ. ಅರೇಬಿಕಾ ಯಾವುದು, ರೋಬಸ್ಟಾ ಯಾವುದು, ಬ್ಲಾಸಂ ಮಳೆ (ಕಾಫಿ ಹೂ ಅರಳಿಸುವ ಮಳೆ) ಒಂದು ವಾರ ತಡವಾದರೆ ಏನಾಗುತ್ತದೆ ಅಂತ ಹೇಳಲಿ. ನಮ್ಮ ಕಡೆ ಗಂಡಸರಿಗೆ ತೋಟದ ಮಾತು ಕೇಳುವವರು ಸಿಕ್ಕಿದರೆ ಊಟದ ನೆನಪೂ ಆಗುವುದಿಲ್ಲ, ಅಲ್ವಾ?

ಇನ್ನು ಮಗನ ಕಾಟೇಜ್. ಅವನ ಮೇಲೆ ಕೋಪ ಮಾಡಿಕೊಳ್ಳಬೇಡಿ, ಒಂದು ಕಾಗದ ಪೆನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿ. 25 ಲಕ್ಷ, ಶೇ 10ರ ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳ ಕಂತು ಸುಮಾರು 33,000 ರೂಪಾಯಿ. ವರ್ಷಕ್ಕೆ ನಾಲ್ಕು ಲಕ್ಷದ ಹತ್ತಿರ. ಜುಲೈಯಲ್ಲಿ ಒಬ್ಬ ಅತಿಥಿಯೂ ಬರದಿದ್ದರೂ ಈ ಕಂತು ಕಟ್ಟಲೇಬೇಕು.

ಈಗ ಎರಡು ಕೋಣೆಯ ವರಮಾನ ಎಷ್ಟು ನೋಡೋಣ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ತಲೆಗೆ 1,500 ರೂಪಾಯಿ ಅಂತ ಇಟ್ಟುಕೊಳ್ಳಿ. ಕೋಣೆಗೆ ಇಬ್ಬರಂತೆ ನಾಲ್ಕು ಜನ, ರಾತ್ರಿಗೆ 6,000. ವರ್ಷಕ್ಕೆ ಎಷ್ಟು ರಾತ್ರಿ ಎರಡೂ ಕೋಣೆ ತುಂಬುತ್ತವೆ? ಹೊಸಬರು ಬಾಯಿ ತುಂಬಾ 200 ಅನ್ನುತ್ತಾರೆ. ಶನಿವಾರ, ಭಾನುವಾರ, ದಸರಾ ರಜೆ, ಕ್ರಿಸ್‌ಮಸ್ ವಾರ, ಏಪ್ರಿಲ್-ಮೇ ಬೇಸಿಗೆ ರಜೆ ಎಲ್ಲ ಎಣಿಸಿ, ಮಳೆಗಾಲ ಕಳೆದರೆ, ಮೊದಲ ಎರಡು ವರ್ಷ 80 ಅಂತ ಹಿಡಿಯುವುದೇ ಕ್ಷೇಮ. ಅಲ್ಲಿಗೆ 4,80,000 ರೂಪಾಯಿ ಬಂತು.

ಅದರಲ್ಲಿ ಊಟ-ತಿಂಡಿಗೆ ತಲೆಗೆ 400ರಂತೆ 1,28,000. ಕೈಕೆಲಸಕ್ಕೆ ಬರುವವರಿಗೆ ದಿನಕ್ಕೆ 500ರಂತೆ 40,000. ಗ್ಯಾಸ್, ಕರೆಂಟು, ಬಟ್ಟೆ ಒಗೆಯುವುದು ತಲೆಗೆ 150ರಂತೆ 48,000. ಅರ್ಧ ಬುಕಿಂಗ್ ಆನ್‌ಲೈನ್ ಆ್ಯಪ್‌ಗಳಿಂದ ಬಂದರೆ ಶೇ 15ರಂತೆ ಕಮಿಷನ್ 36,000. ಮಳೆ ಮುಗಿದ ಮೇಲೆ ಬಣ್ಣ, ಬೂಷ್ಟು ಹಿಡಿದ ದಿಂಬು, ಒಡೆದ ಹಂಚು ಅಂತ 30,000. ಒಟ್ಟು ಖರ್ಚು 2,82,000. ಕೈಯಲ್ಲಿ ಉಳಿಯುವುದು ಎರಡು ಲಕ್ಷದ ಹತ್ತಿರ. ತಿಂಗಳಿಗೆ 16,500. ನಿಮ್ಮ ಸ್ವಂತ ದುಡಿಮೆಗೆ ಇದರಲ್ಲಿ ಕೂಲಿ ಹಾಕಿಲ್ಲ, ಅದೂ ನೆನಪಿರಲಿ.

ಮಗನ ಎರಡು ಕಾಟೇಜೂ ಇಷ್ಟೇ ತುಂಬಿದರೆ ಇನ್ನೆರಡು ಲಕ್ಷ ಬರುತ್ತದೆ. ಕಂತು ನಾಲ್ಕು ಲಕ್ಷ. ಉಳಿದ ಎರಡು ಲಕ್ಷವನ್ನು ಕಾಫಿ ದುಡ್ಡಿನಿಂದ ತುಂಬಬೇಕು. ಅಡವಿಟ್ಟಿದ್ದು ಅದೇ ತೋಟ. ಬ್ಯಾಂಕಿನಲ್ಲಿದ್ದಾಗ ಇಂಥ ಅರ್ಜಿ ಬಂದರೆ “ಇನ್ನೊಂದು ವರ್ಷ ಬಿಟ್ಟು ಬನ್ನಿ” ಅಂತ ವಾಪಸ್ ಕಳಿಸುತ್ತಿದ್ದೆ. ನಿಮ್ಮ ಮಗನಿಗೂ ಅದನ್ನೇ ಹೇಳುತ್ತೇನೆ. ಎರಡು ಸೀಸನ್ ಇರುವ ಕೋಣೆಯಲ್ಲೇ ನಡೆಸಿ. ಜಾಗ ಇಲ್ಲ ಅಂತ ಜನರನ್ನು ವಾಪಸ್ ಕಳಿಸುವ ಪರಿಸ್ಥಿತಿ ಬಂದರೆ ಆಗ ಕಟ್ಟುವ ಮಾತು.

2018ರ ಆಗಸ್ಟ್ ಯಾರಿಗೂ ಮರೆತಿಲ್ಲ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದ ಮೇಲೆ ಜಿಲ್ಲೆಗೆ ಪ್ರವಾಸಿಗರು ಬರುವುದೇ ನಿಂತಿತ್ತು. 2019, 2020ರ ಆಗಸ್ಟ್‌ನಲ್ಲೂ ಭಾಗಮಂಡಲದ ಸುತ್ತಮುತ್ತ ಕುಸಿತ. ಜೊತೆಗೆ ಕೊರೊನಾ. ಸಾಲ ಇಲ್ಲದೆ ಮನೆಯ ಕೋಣೆ ಬಿಟ್ಟವರು ಬಾಗಿಲು ಹಾಕಿಕೊಂಡು ಕಾಫಿ ನೋಡಿಕೊಂಡರು. ಕಂತು ಇದ್ದವರ ಪಾಡು ಬೇರೆ.

“ಹಳೇ ಮನೆಗೆ ಯಾರು ಬರ್ತಾರೆ” ಅನ್ನುವ ಮಾತಂತೂ ಸರಿಯಲ್ಲ. ನಿಮ್ಮೂರಿನ ಪಕ್ಕದಲ್ಲೇ ತಡಿಯಂಡಮೋಳ್ ಇದೆ, ಜಿಲ್ಲೆಯ ಅತಿ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆ ಇದೆ. ಬೆಟ್ಟ ಹತ್ತಿ ಇಳಿದವರಿಗೆ ಬೇಕಾಗಿರುವುದು ಬಿಸಿನೀರು, ಬಿಸಿ ಅಕ್ಕಿ ರೊಟ್ಟಿ, ಒಣ ಹಾಸಿಗೆ. ಗಾಜಿನ ಗೋಡೆಯ ಕಾಟೇಜ್ ಅಲ್ಲ. ಖರ್ಚು ಮಾಡುವುದಿದ್ದರೆ ಬಚ್ಚಲುಮನೆಗೆ ಮಾಡಿ. ಎರಡೂ ಕೋಣೆಗೆ ಒಳಗೇ ಬಾತ್‌ರೂಮ್ ಇರಬೇಕು, ಇದರಲ್ಲಿ ರಾಜಿ ಬೇಡ. ಕತ್ತಲಲ್ಲಿ ಮರದ ಮೆಟ್ಟಿಲು ಇಳಿದು ಹಿತ್ತಲಿಗೆ ಹೋಗಿ ಅಂದರೆ ಈಗಿನವರು ಹೋಗುವುದಿಲ್ಲ. ಗೀಸರ್, ಇನ್ವರ್ಟರ್, ಒಳ್ಳೆ ಹಾಸಿಗೆ ಸೇರಿ ಮೂರು-ನಾಲ್ಕು ಲಕ್ಷ ಆಗಬಹುದು. ಅಷ್ಟನ್ನು ಉಳಿತಾಯದಿಂದಲೇ ಹಾಕಿ.

ಕಾಗದ ಪತ್ರದ ವಿಷಯ ಸ್ವಲ್ಪ ಬೇಜಾರಿನದು, ಆದರೂ ಓದಿ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆಯ ದಾಖಲೆ, ಪಂಚಾಯಿತಿಯ ಒಪ್ಪಿಗೆ, ಪೊಲೀಸರ ಒಪ್ಪಿಗೆ ಬೇಕು. ಮನೆಯವರು ಅಲ್ಲೇ ವಾಸ ಇರಬೇಕು. ಮಾಲೀಕರು ಬೆಂಗಳೂರಿನಲ್ಲಿ, ಇಲ್ಲಿ ಎಲ್ಲ ತೋಟದ ರೈಟರ್ (ಮೇಲ್ವಿಚಾರಕ) ಕೈಯಲ್ಲಿ ಅಂದರೆ ಅದು ಹೋಂಸ್ಟೇ ಅಲ್ಲ, ಬೋರ್ಡು ಏನೇ ಇರಲಿ. ಊಟ ಕೊಡುವುದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿಯೂ ಮಾಡಿಸಿ. ಬಂದವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡು ರಿಜಿಸ್ಟರ್ ಬರೆಯಿರಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರಂ ತುಂಬಬೇಕು. ಮನೆಯಲ್ಲಿ ಮಾಡಿದ ವೈನ್ ಚೆನ್ನಾಗಿರುತ್ತದೆ, ನಿಜ. ಲೈಸೆನ್ಸ್ ಇಲ್ಲದೆ ಅದನ್ನು ಮಾರಿದರೆ ಅಬಕಾರಿಯವರು ಬರುತ್ತಾರೆ.

ಇನ್ನೊಂದು ಮುಖ್ಯ ವಿಷಯ ನೀವು ಬರೆದಿಲ್ಲ. ಮನೆ ಇರುವ ಜಾಗ ಜಮ್ಮಾ ಜಾಗವೇ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ)? ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಪಟ್ಟೆದಾರರ ಹೆಸರಿನ ಜೊತೆ ಒಕ್ಕದ (ಮನೆತನದ) ಬೇರೆಯವರ ಹೆಸರೂ ಇದೆಯೇ? ಇದ್ದರೆ ಒಂದು ಪೈಸೆ ಹಾಕುವ ಮೊದಲು ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಖಾಲಿ ಕೋಣೆಯ ಮೇಲೆ ಯಾರಿಗೂ ಕಣ್ಣಿರುವುದಿಲ್ಲ. ಅದರಲ್ಲಿ ದುಡ್ಡು ಬರಲು ಶುರುವಾದ ತಿಂಗಳಲ್ಲೇ ದುಬೈಯಲ್ಲಿರುವ ದಾಯಾದಿಗೂ ನೆನಪಾಗುತ್ತದೆ.

ಪ್ರಶ್ನೆ: ನನಗೆ 29 ವರ್ಷ, ಕುಶಾಲನಗರದಲ್ಲಿ ಮೊಬೈಲ್ ಅಂಗಡಿ ಇದೆ. 12 ಲಕ್ಷ ಉಳಿಸಿದ್ದೇನೆ. ಸುಂಟಿಕೊಪ್ಪ ಕಡೆ ಒಂದು ಎಸ್ಟೇಟನ್ನು ತುಂಡು ಮಾಡಿ ಹತ್ತು ಹತ್ತು ಸೆಂಟು ಮಾರುತ್ತಿದ್ದಾರೆ. 10 ಸೆಂಟಿಗೆ 12 ಲಕ್ಷ. ತೋಟ ಅವರೇ ನೋಡಿಕೊಳ್ಳುತ್ತಾರಂತೆ, ವರ್ಷಕ್ಕೆ ಶೇ 12 ಗ್ಯಾರಂಟಿ ಆದಾಯ ಕೊಡುತ್ತಾರಂತೆ. ಮುಂದೆ ಬೇಕಾದರೆ ಸಣ್ಣ ಮನೆಯನ್ನೂ ಕಟ್ಟಬಹುದಂತೆ. ತೆಗೆದುಕೊಳ್ಳಲಾ ಅಕ್ಕ? — ಕುಶಾಲನಗರ

ಉತ್ತರ: ನಿಮ್ಮ ಪತ್ರದಲ್ಲಿ ಎಷ್ಟು “ಅಂತೆ” ಇದೆ ನೋಡಿದಿರಾ ತಮ್ಮಾ? ಒಂದೊಂದಾಗಿ ಬಿಡಿಸೋಣ.

ಶೇ 12 ಅಂದರೆ ವರ್ಷಕ್ಕೆ 1,44,000 ರೂಪಾಯಿ. ಇದು ಎಲ್ಲಿಂದ ಬರಬೇಕು? 10 ಸೆಂಟು ಅಂದರೆ ಎಕರೆಯ ಹತ್ತನೇ ಒಂದು ಪಾಲು. ಎಕರೆಗೆ 500 ಕಿಲೋ ಕ್ಲೀನ್ (ಸಿಪ್ಪೆ ತೆಗೆದ ಬೀಜ) ರೋಬಸ್ಟಾ ಸಿಕ್ಕಿತು ಅಂತ ಧಾರಾಳವಾಗಿಯೇ ಹಿಡಿಯಿರಿ. ನಿಮ್ಮ ಪಾಲಿಗೆ 50 ಕಿಲೋ. ಕಿಲೋಗೆ 400 ರೂಪಾಯಿ ಒಳ್ಳೆ ರೇಟು ಸಿಕ್ಕಿದರೂ 20,000. ಅದರಲ್ಲಿ ಗೊಬ್ಬರ, ಕೊಯ್ಲಿನ ಕೂಲಿ, ಮರ ಕಪಾತು ಎಲ್ಲ ಕಳೆಯಬೇಕು. ನಾಲ್ಕು ಮೆಣಸಿನ ಬಳ್ಳಿ ಇದ್ದರೆ ಇನ್ನೊಂದಿಷ್ಟು. ಉಳಿದ ಲಕ್ಷ ಚಿಲ್ಲರೆ ಯಾವ ಗಿಡದಲ್ಲಿ ಬಿಡುತ್ತದೆ? ನೀವು ಕೊಟ್ಟ 12 ಲಕ್ಷದಿಂದಲೇ ಎರಡು ವರ್ಷ ನಿಮಗೆ “ಆದಾಯ” ಕೊಡುತ್ತಾರೆ. ಆಮೇಲೆ ಫೋನ್ ತೆಗೆಯುವುದಿಲ್ಲ. ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾರ ಗ್ಯಾರಂಟಿ, ಯಾವ ಆಸ್ತಿ ಅಡ ಇಟ್ಟು? ಬ್ಯಾಂಕಿನಲ್ಲಿ ನೀವು ನನ್ನೆದುರು ಕೂತಿದ್ದರೂ ಇದನ್ನೇ ಕೇಳುತ್ತಿದ್ದೆ.

ಮನೆ ಕಟ್ಟುವ ಮಾತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಂತ ಅದರಲ್ಲಿ ವಾಸದ ಬಡಾವಣೆ ಎಬ್ಬಿಸುವ ಹಾಗಿಲ್ಲ. ಅದಕ್ಕೆ ಭೂ ಪರಿವರ್ತನೆ ಆಗಬೇಕು. ಪರಿವರ್ತನೆಯಾಗಿ ಸೈಟ್ ಮಾಡಿ ಮಾರುತ್ತಿದ್ದರೆ, ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. 500 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಸೆಂಟು ಚಿಲ್ಲರೆ, ಅಷ್ಟೇ. ಇಡೀ ಎಸ್ಟೇಟ್ ತುಂಡು ಮಾಡುವವರು ತಪ್ಪಿಸಿಕೊಳ್ಳುವ ಹಾಗಿಲ್ಲ. ರೇರಾ ನಂಬರ್ ಕೇಳಿ, ವೆಬ್‌ಸೈಟಿನಲ್ಲಿ ನೀವೇ ಹುಡುಕಿ. “ಇದು ಫಾರ್ಮ್ ಪ್ಲಾಟ್, ರೇರಾ ಬರಲ್ಲ” ಅಂದರೆ, ಮನೆ ಕಟ್ಟಬಹುದು ಅಂತ ಹೇಳಿದ್ದು ಯಾಕೆ ಅಂತ ತಿರುಗಿ ಕೇಳಿ.

ನಿಮಗೆ ಕೊಡುವುದು ಏನು ಅಂತಲೂ ನೋಡಿ. ನಿಮ್ಮ ಹತ್ತು ಸೆಂಟಿಗೇ 11ಇ ನಕ್ಷೆ (ಜಮೀನು ಭಾಗ ಮಾಡುವ ಸರ್ವೆ ನಕ್ಷೆ) ಆಗಿ, ಬೇರೆ ಹಿಸ್ಸಾ ನಂಬರ್ ಬರುತ್ತದಾ? ಇಲ್ಲ, ಇಪ್ಪತ್ತು ಜನರ ಹೆಸರಿನಲ್ಲಿ ಜಂಟಿಯಾಗಿ ಒಂದೇ ಆರ್‌ಟಿಸಿಯಾ? ಜಂಟಿಯಾದರೆ ನಾಳೆ ನಿಮ್ಮ ಪಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲೂ ಆಗುವುದಿಲ್ಲ. ಅಗ್ರಿಮೆಂಟ್ ಮತ್ತು ಜಿಪಿಎ (ಅಧಿಕಾರ ಪತ್ರ) ಮಾಡಿಕೊಡುತ್ತೇವೆ ಅಂದರೆ ಅಲ್ಲೇ ಎದ್ದು ಬನ್ನಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಆರ್‌ಟಿಸಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಇದೆ, ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಹಿಂದಿನ ವ್ಯವಹಾರ ಏನು ಅಂತ ವಕೀಲರಿಗೆ ತೋರಿಸಿ. ನಿಮ್ಮ ವಕೀಲರಿಗೆ, ಮಾರುವವರು ಪರಿಚಯಿಸಿದ ವಕೀಲರಿಗಲ್ಲ. ಬೇಲಿಯೊಳಗೆ ಪೈಸಾರಿ (ಸರ್ಕಾರಿ ಜಾಗ) ಸೇರಿಕೊಂಡಿದೆಯಾ ಅಂತ ಸರ್ವೆಯವರನ್ನು ಕರೆದು ಅಳತೆ ಮಾಡಿಸಿ. ನಮ್ಮಲ್ಲಿ ಬೇಲಿ ಒಂದು ಕಡೆ, ದಾಖಲೆ ಇನ್ನೊಂದು ಕಡೆ ಇರುವುದು ಹೊಸತೇನಲ್ಲ. ದೇವರಕಾಡಿನ ಅಂಚಾದರೆ ಅದರ ಗೊಡವೆಯೇ ಬೇಡ.

ಇನ್ನು ನೆಲ. ಜೆಸಿಬಿಯಲ್ಲಿ ಗುಡ್ಡ ಕತ್ತರಿಸಿ ಸಮತಟ್ಟು ಮಾಡಿದ ಜಾಗ ನೋಡಲು ಚಂದ. 2018ರ ಕುಸಿತಕ್ಕೆ ತಜ್ಞರು ಕೊಟ್ಟ ಕಾರಣಗಳಲ್ಲಿ ಹೀಗೆ ಇಳಿಜಾರು ಕಡಿದದ್ದೂ ಒಂದು. ಜಾಗ ನೋಡುವುದಾದರೆ ಜನವರಿಯ ಬಿಸಿಲಲ್ಲಿ ಅಲ್ಲ, ಆಗಸ್ಟ್‌ನಲ್ಲಿ ಹೋಗಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಛತ್ರಿ ಹಿಡಿದು ನಿಂತು ನೋಡಿ.

ನೆಲದ ಮೇಲೇ ದುಡ್ಡು ಹಾಕಬೇಕು ಅಂತ ಮನಸ್ಸಿದ್ದರೆ, ನಿಮ್ಮೂರಿನಲ್ಲೇ ಇ-ಖಾತೆ ಆಗಿರುವ ಸಣ್ಣ ಸೈಟ್ ನೋಡಿ. 30x40 ಅಂದರೆ ಮೂರು ಸೆಂಟಿಗೂ ಕಡಿಮೆ. ಕುಶಾಲನಗರ ಮೈಸೂರು ಹೆದ್ದಾರಿಯಲ್ಲಿದೆ, ಪಕ್ಕದಲ್ಲಿ ಬೈಲಕುಪ್ಪೆ, ಕೂಡಿಗೆಯ ಸೈನಿಕ ಶಾಲೆ, ಎಂಜಿನಿಯರಿಂಗ್ ಕಾಲೇಜು ಎಲ್ಲ ಇವೆ. ಬಾಡಿಗೆಗೆ ಜನ ಸಿಗುತ್ತಾರೆ. ಆದರೆ ಹೊಳೆ ಪಕ್ಕದ ಬಡಾವಣೆಗಳಿಗೆ 2018, 2019ರಲ್ಲಿ ಕಾವೇರಿ ನುಗ್ಗಿದ್ದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬ್ರೋಕರ್‌ಗಿಂತ ಮೊದಲು ಆ ಬೀದಿಯ ಹೆಂಗಸರನ್ನು ಕೇಳಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ. ಗೋಡೆಯ ಮೇಲೆ ಗುರುತು ತೋರಿಸುತ್ತಾರೆ.

ಬಜೆಟ್‌ನಲ್ಲಿ ನೋಂದಣಿ ಖರ್ಚೂ ಸೇರಿಸಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಏಳೂವರೆ ಪರ್ಸೆಂಟಿಗೂ ಜಾಸ್ತಿ. 12 ಲಕ್ಷಕ್ಕೆ 90,000 ದಾಟುತ್ತದೆ.

ಪ್ರಶ್ನೆ: ಸೈನ್ಯದಿಂದ ನಿವೃತ್ತನಾಗಿದ್ದೇನೆ, ವಯಸ್ಸು 54. ಗೋಣಿಕೊಪ್ಪಲಿನಲ್ಲಿ ಸ್ವಂತ ಮನೆ. ನಿವೃತ್ತಿಯಿಂದ ಬಂದ ಹಣದಲ್ಲಿ 15 ಲಕ್ಷ ಇದೆ. ಮೇಲೊಂದು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡಲೇ, ಅಥವಾ ಪೊನ್ನಂಪೇಟೆ ಕಾಲೇಜು ಮಕ್ಕಳಿಗೆ ಪಿಜಿ ಮಾಡಲೇ? — ಗೋಣಿಕೊಪ್ಪಲು

ಉತ್ತರ: ಅಣ್ಣ, ಮೂರನೆಯ ದಾರಿಯೂ ಒಂದಿದೆ, ಅದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಚದರ ಅಡಿಗೆ 2,200 ರೂಪಾಯಿಯಂತೆ ಕಟ್ಟಿದರೂ 15 ಲಕ್ಷಕ್ಕೆ ಸಿಗುವುದು 680 ಅಡಿ ಚಿಲ್ಲರೆ. ತಿಂಗಳಿಗೆ 9,000 ಬಾಡಿಗೆ ಬಂತು ಅಂದುಕೊಂಡರೆ ವರ್ಷಕ್ಕೆ 1,08,000. ಒಂದು ತಿಂಗಳು ಖಾಲಿ ಬಿದ್ದು, ಸುಣ್ಣ ಬಣ್ಣ ಅಂತ ಐದು ಸಾವಿರ ಹೋದರೆ 94,000. ಅದೇ 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 8.2ರ ದರದಲ್ಲಿ 1,23,000 ಬರುತ್ತದೆ. ಮೂರು ತಿಂಗಳಿಗೊಮ್ಮೆ 30,750. ಸಾಮಾನ್ಯವಾಗಿ ವಯಸ್ಸು 60 ಆಗಬೇಕು, ಸೈನ್ಯದಿಂದ ನಿವೃತ್ತರಾದವರಿಗೆ 50 ತುಂಬಿದ್ದರೆ ಸಾಕು. ಒಬ್ಬರಿಗೆ 30 ಲಕ್ಷದವರೆಗೆ ಮಿತಿ ಇದೆ. ದರ ಕಾಲಕಾಲಕ್ಕೆ ಬದಲಾಗುತ್ತದೆ, ಆದರೆ ಖಾತೆ ತೆರೆದ ದಿನದ ದರವೇ ಐದು ವರ್ಷ ಸಿಗುತ್ತದೆ. ಬಡ್ಡಿಗೆ ತೆರಿಗೆ ಲೆಕ್ಕ ಇದೆ.

ಬಾಡಿಗೆ ವರ್ಷ ವರ್ಷ ಏರುತ್ತದೆ, ಬಡ್ಡಿ ಏರುವುದಿಲ್ಲ. ಇದು ಕಟ್ಟಡದ ಪರ ಇರುವ ಮಾತು, ಒಪ್ಪುತ್ತೇನೆ. ಆದರೆ ಕೈಯಲ್ಲಿರುವ ಎಲ್ಲ ಹಣವನ್ನೂ ಸಿಮೆಂಟಿಗೆ ಸುರಿದರೆ ಆಸ್ಪತ್ರೆ ಖರ್ಚು ಬಂದಾಗ ಗೋಡೆಯ ಒಂದು ಇಟ್ಟಿಗೆ ಕಿತ್ತು ಮಾರಲು ಆಗುವುದಿಲ್ಲ. ನಿಮ್ಮ ಮನೆಯ ಒಂದು ಭಾಗಕ್ಕೆ ಬೇರೆ ಬಾಗಿಲು, ಸಣ್ಣ ಅಡುಗೆಮನೆ, ಬೇರೆ ಕರೆಂಟ್ ಮೀಟರ್ ಮಾಡಿಸಿ ಬಾಡಿಗೆಗೆ ಕೊಡಲು ಆಗುತ್ತದಾ ನೋಡಿ. ಮೂರು ಲಕ್ಷದೊಳಗೆ ಮುಗಿಯಬಹುದು. ಉಳಿದದ್ದು ಅಂಚೆ ಕಚೇರಿಗೆ. ಹನ್ನೊಂದು ತಿಂಗಳ ಕರಾರು ಬರೆಯಿಸಿ, ಪ್ರತಿ ಸಲ ಹೊಸದಾಗಿ ಮಾಡಿ. ಬಾಡಿಗೆದಾರರ ವಿವರ ಠಾಣೆಗೆ ಕೊಡಿ.

ಪಿಜಿ? ಅರಣ್ಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಪೊನ್ನಂಪೇಟೆಯಲ್ಲಿವೆ, ಮಕ್ಕಳು ಸಿಗುತ್ತಾರೆ. ದಿನಕ್ಕೆ ಮೂರು ಹೊತ್ತು ಎಂಟು ಜನರಿಗೆ ಅಡುಗೆ ಯಾರು ಮಾಡುವುದು? ಪತ್ರದಲ್ಲಿ ನಿಮ್ಮ ಮನೆಯವರ ಅಭಿಪ್ರಾಯ ಒಂದು ಸಾಲೂ ಇಲ್ಲ.

ಪ್ರಶ್ನೆ: ಕಾಫಿ ಆದಾಯಕ್ಕೆ ತೆರಿಗೆ ಇಲ್ಲ, ಹೋಂಸ್ಟೇ ತೋಟದೊಳಗೇ ಇರುವುದರಿಂದ ಅದಕ್ಕೂ ಇಲ್ಲ ಅಂತ ಪರಿಚಯದವರು ಹೇಳುತ್ತಾರೆ. ಸರಿಯೇ? — ಸಿದ್ದಾಪುರ

ಉತ್ತರ: ಅಲ್ಲ. ತೋಟದೊಳಗಿದ್ದ ಮಾತ್ರಕ್ಕೆ ಕೋಣೆ ಬಾಡಿಗೆ ಕೃಷಿ ಆಗುವುದಿಲ್ಲ. ಹಣ್ಣು ಒಣಗಿಸಿ ಹಾಗೇ ಮಾರಿದರೆ ಅದು ಕೃಷಿ ಆದಾಯ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಕಾಲು ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ವ್ಯಾಪಾರದ ಆದಾಯ ಅಂತ ಲೆಕ್ಕ. ಅತಿಥಿಗಳಿಗೆ ಪ್ಯಾಕೆಟ್ ಪುಡಿ ಮಾರುವವರು ಇದನ್ನು ಗಮನಿಸಿ. ಹೋಂಸ್ಟೇಯಲ್ಲಿ ಊಟ, ಉಪಚಾರ ಇರುವುದರಿಂದ ಅದು ವ್ಯಾಪಾರ. ಸಣ್ಣ ವ್ಯಾಪಾರದವರು ಬ್ಯಾಂಕ್, ಯುಪಿಐಯಿಂದ ಬಂದ ಹಣದ ಶೇ 6, ನಗದಿನ ಶೇ 8 ಲಾಭ ಅಂತ ತೋರಿಸುವ ಸುಲಭ ದಾರಿ ಇದೆ. ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಜಾಸ್ತಿಯೇ ತೋರಿಸಬೇಕು. ಕೃಷಿ ಆದಾಯ ದೊಡ್ಡದಿದ್ದರೆ ಅದು ತೆರಿಗೆ ದರದ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ.

ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ. ಎರಡು ಕೋಣೆಯವರಿಗೆ ಆ ಯೋಗ ಸದ್ಯಕ್ಕಿಲ್ಲ. ಆ್ಯಪ್ ಮೂಲಕ ಬರುವ ಬುಕಿಂಗ್‌ನಲ್ಲಿ ಮಾತ್ರ ಆ್ಯಪ್‌ನವರೇ ಜಿಎಸ್‌ಟಿ ಸೇರಿಸಿ ಕಟ್ಟುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಅದು ಶೇ 12ರಿಂದ 5ಕ್ಕೆ ಇಳಿದಿದೆ.

ಪ್ರಶ್ನೆ: ಊರು ಸೋಮವಾರಪೇಟೆ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೆ 5,000 ಉಳಿಸಬಲ್ಲೆ. ಅಷ್ಟರಲ್ಲಿ ರಿಯಲ್ ಎಸ್ಟೇಟ್‌ಗೆ ಕೈ ಹಾಕಲು ಸಾಧ್ಯವೇ? — ಹೆಸರು ಬೇಡ

ಉತ್ತರ: ಸಾಧ್ಯ, ರೀಟ್ ಅಂತ ಒಂದಿದೆ. ದೊಡ್ಡ ಆಫೀಸ್ ಕಟ್ಟಡಗಳನ್ನು ಒಂದು ಟ್ರಸ್ಟ್ ಇಟ್ಟುಕೊಂಡು, ಬರುವ ಬಾಡಿಗೆಯನ್ನು ಯೂನಿಟ್ ಇರುವವರಿಗೆ ಹಂಚುತ್ತದೆ. ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇ 90 ಹಂಚಲೇಬೇಕು. ದೇಶದ ಮೊದಲ ರೀಟ್ 2019ರಲ್ಲಿ ಷೇರುಪೇಟೆಗೆ ಬಂತು. ನಿಮ್ಮ ಬೆಂಗಳೂರಿನ ಟೆಕ್ ಪಾರ್ಕ್‌ಗಳೂ ಅದರಲ್ಲಿವೆ. 2021ರಿಂದ ಒಂದೊಂದೇ ಯೂನಿಟ್ ಕೊಳ್ಳಬಹುದು, ಡಿಮ್ಯಾಟ್ ಖಾತೆ ಇದ್ದರೆ ಸಾಕು. ಸಣ್ಣ ಮತ್ತು ಮಧ್ಯಮ ರೀಟ್ ಅಂತ ಜಾಹೀರಾತು ಕಂಡರೆ ಅದು ಬೇರೆ, ಅದಕ್ಕೆ ಕನಿಷ್ಠ 10 ಲಕ್ಷ ಹಾಕಬೇಕು.

ಯೂನಿಟ್ ಬೆಲೆ ಏರಿಳಿಯುತ್ತದೆ. ಆರು ತಿಂಗಳಲ್ಲಿ ಬೇಕಾಗುವ ಹಣ, ಮದುವೆಗೆ ಇಟ್ಟ ಹಣ ಹಾಕಬೇಡಿ. ಜೊತೆಗೆ, ಊರಲ್ಲಿ ಅಪ್ಪ-ಅಮ್ಮನ ಮನೆಯ ಹಂಚು ಸೋರುತ್ತಿದ್ದರೆ ಮೊದಲ ಆರು ತಿಂಗಳ 5,000 ಅದಕ್ಕೆ ಹೋಗಲಿ.

ಪ್ರಶ್ನೆ: ಭಾಗಮಂಡಲ ರಸ್ತೆಯಲ್ಲಿ ನಮ್ಮ ಹೋಂಸ್ಟೇ. ನಾವು ಸಸ್ಯಾಹಾರಿಗಳು. ಬಂದವರೆಲ್ಲ ಪಂದಿ ಕರಿ (ಹಂದಿ ಮಾಂಸದ ಸಾರು) ಎಲ್ಲಿ ಅಂತ ಕೇಳುತ್ತಾರೆ. ಒಬ್ಬರಂತೂ ಅದಕ್ಕೇ ಒಂದು ಸ್ಟಾರ್ ಕೊಟ್ಟರು. ಹೊರಗಿನಿಂದ ತರಿಸಿ ಕೊಡಲೇ? — ಚೇರಂಬಾಣೆ

ಉತ್ತರ: ಬೇಡ. ನಿಮ್ಮ ಪಾತ್ರೆ, ನಿಮ್ಮ ಮನೆ. ಬುಕಿಂಗ್ ಪುಟದ ಮೊದಲ ಸಾಲಿನಲ್ಲೇ “ಸಸ್ಯಾಹಾರ ಮಾತ್ರ” ಅಂತ ದೊಡ್ಡದಾಗಿ ಬರೆಯಿರಿ, ಫೋನ್‌ನಲ್ಲೂ ಹೇಳಿ. ತಲಕಾವೇರಿಗೆ ಹೋಗುವ ಕುಟುಂಬಗಳು ಇಂಥ ಮನೆಯನ್ನೇ ಹುಡುಕುತ್ತವೆ. ಅಕ್ಟೋಬರ್‌ನ ತುಲಾ ಸಂಕ್ರಮಣದ ಹೊತ್ತಿಗೆ ನಿಮಗೆ ಕೋಣೆ ಸಾಲುವುದಿಲ್ಲ. ಕಡಂಬುಟ್ಟಿನ (ಅಕ್ಕಿ ಕಡುಬು) ಜೊತೆ ಕಣಿಲೆ (ಎಳೆ ಬಿದಿರು) ಸಾರು, ಅಣಬೆ ಪಲ್ಯ ಕೊಟ್ಟು ನೋಡಿ. ಮಳೆಗಾಲದಲ್ಲಿ ಮರಕೆಸದ ಪತ್ರೊಡೆ, ಆಗಸ್ಟ್ ಮೊದಲ ವಾರ ಆಟಿ ಸೊಪ್ಪಿನ ಪಾಯಸ. ಆ ಪಾಯಸ ತಿಂದ ಮರುದಿನ ಬೆಳಿಗ್ಗೆ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ ಅಂತ ಮಾತ್ರ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸೀದಾ ಮಡಿಕೇರಿ ಆಸ್ಪತ್ರೆಗೆ ಓಡುತ್ತಾರೆ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಗಳು ಮುಗ್ಗುಲು ವಾಸನೆ. ಎಷ್ಟು ಸೆಂಟ್ ಹೊಡೆದರೂ ಹೋಗುವುದಿಲ್ಲ. — ನಾಪೋಕ್ಲು

ಉತ್ತರ: ಸೆಂಟ್ ಹೊಡೆಯುವುದು ಮೊದಲು ನಿಲ್ಲಿಸಿ, ಎರಡು ವಾಸನೆ ಸೇರಿ ಇನ್ನೂ ಕೆಟ್ಟದಾಗುತ್ತದೆ. ಅತಿಥಿಗಳಿಲ್ಲದ ದಿನ ಹಾಸಿಗೆಯನ್ನು ಮಂಚದಿಂದ ಎತ್ತಿ ಗೋಡೆಗೆ ತಾಗದ ಹಾಗೆ ನಿಲ್ಲಿಸಿ. ಬೀರು, ಮಂಚ ಗೋಡೆಯಿಂದ ಒಂದು ಗೇಣು ದೂರ ಇರಲಿ. ಬಟ್ಟೆಯ ಕಪಾಟಿನೊಳಗೆ ಬಟ್ಟೆಗೆ ತಾಗದಂತೆ ಒಂದು ಸಣ್ಣ ಹಳದಿ ಬಲ್ಬ್ ಉರಿಸಿಡುವುದು ನಮ್ಮ ಹಿರಿಯರ ಕಾಲದಿಂದ ಇದೆ, ಈಗಲೂ ಅದಕ್ಕಿಂತ ಅಗ್ಗದ ಉಪಾಯ ಇಲ್ಲ. ಎಲ್ಇಡಿ ಹಾಕಬೇಡಿ, ಅದು ಕಾಯುವುದಿಲ್ಲ. ದಪ್ಪ ಪರದೆ, ಕಾರ್ಪೆಟ್ ಮೇ ಕೊನೆಗೇ ತೆಗೆದು ಕಟ್ಟಿಡಿ. ಬೆಡ್‌ಶೀಟ್‌ಗಳನ್ನು ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ಒಣಗಿಸಬೇಡಿ, ಹೊಗೆ ವಾಸನೆ ಹಿಡಿದು ಮತ್ತೆ ಒಗೆಯಬೇಕಾಗುತ್ತದೆ. ನಾಲ್ಕು ಕೋಣೆಯವರಾದರೆ ಡ್ರೈಯರ್ ಇರುವ ಮೆಷಿನ್ ತಗೊಳ್ಳಿ. ಎರಡೇ ಕೋಣೆಯಾದರೆ ಇನ್ನೆರಡು ಜೊತೆ ಬೆಡ್‌ಶೀಟ್ ಕೊಂಡರೆ ಸಾಕು.